ಪರಿವರ್ತನೀಯ ಗುಂಪು

ನಡುವಯಸ್ಸಿನ ಗಂಡಸು ಬಸ್ಸಿನಲ್ಲಿ ಕೂತು ಗಣಿತದ ಪುಸ್ತಕ ಓದುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ಪತ್ತೇದಾರಿ ಕಾದಂಬರಿ ಓದಬಹುದು, ಪಂಚಾಂಗ ಓದಬಹುದು, ಲಾಟರಿ ಫಲಿತಾಂಶವನ್ನು ಬೆರಳಿಟ್ಟುಕೊಂಡು ಓದಬಹುದು. ಪಕ್ಕದವರು ತಾವೂ ಕತ್ತು ಚಾಚಿ ಓದುತ್ತಾರೆ. ಗಣಿತ ಕಂಡರೆ ಮಾತ್ರ ಅವರಿಗೆ ಒಂದೇ ಪ್ರಶ್ನೆ ಹುಟ್ಟುತ್ತದೆ: ಯಾವ ಪರೀಕ್ಷೆಗೆ ಸಾರ್? ಯಾವ ಪರೀಕ್ಷೆಗೂ ಅಲ್ಲ, ಸುಮ್ಮನೆ, ಎಂದು ನಾನು ಒಮ್ಮೆ ನಿಜ ಹೇಳಿ ನೋಡಿದ್ದೇನೆ. ಕೇಳಿದವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟಿಗೆ ಹೋದರು. ಅಂದಿನಿಂದ ಡಿಪಾರ್ಟ್‌ಮೆಂಟ್ ಪರೀಕ್ಷೆ ಎನ್ನುತ್ತೇನೆ. ಅವರು ನನ್ನ ನರೆತ ಕೂದಲನ್ನು ನೋಡಿ, ಪಾಪ, ಇಷ್ಟು ವರ್ಷವಾದರೂ ಪಾಸಾಗಿಲ್ಲ ಎಂದು ಮರುಗುತ್ತಾರೆ. ಹುಚ್ಚನೆನಿಸಿಕೊಳ್ಳುವುದಕ್ಕಿಂತ ದಡ್ಡನೆನಿಸಿಕೊಳ್ಳುವುದು ವಾಸಿ. ದಡ್ಡನ ಪಕ್ಕ ಜನ ಕೂರುತ್ತಾರೆ.

ಆ ಪುಸ್ತಕಕ್ಕೆ ಹಳೆಯ ಪೇಪರಿನ ಬೈಂಡು ಹಾಕಿಕೊಂಡಿದ್ದೇನೆ. ಅದನ್ನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡದ್ದು. ಮಾರುವವನು ಅದನ್ನು ಗೈಡುಗಳ ರಾಶಿಯ ಬುಡಕ್ಕೆ ಆಧಾರವಾಗಿ ಇಟ್ಟಿದ್ದ. ತೆಗೆದರೆ ರಾಶಿ ವಾಲುತ್ತದೆ ಎಂದು ಮೊದಲು ಕೊಡಲೇ ಒಪ್ಪಲಿಲ್ಲ. ನನಗಿಂತ ಮುಂಚೆ ಅದನ್ನು ಓದಿದ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಅಲ್ಲಲ್ಲಿ ಗೆರೆ ಎಳೆದಿದ್ದ. ಮೊದಲ ಅಧ್ಯಾಯದ ಉದ್ದಕ್ಕೂ ಆ ಗೆರೆಗಳು ನನ್ನ ಜೊತೆಗೆ ಬಂದವು. ಎರಡನೆಯ ಅಧ್ಯಾಯದ ಆರಂಭದಲ್ಲಿ ಒಂದು ಗೆರೆ ವಾಕ್ಯದ ಅರ್ಧಕ್ಕೇ ನಿಂತಿತು. ಅಲ್ಲಿಂದಾಚೆಗೆ ಬಿಳಿ ಹಾಳೆ, ಕಪ್ಪು ಅಕ್ಷರ, ನಾನು. ಆ ಅರ್ಧ ಗೆರೆಯ ಮನುಷ್ಯನಿಗೆ ಏನಾಯಿತೋ ಎಂದು ಎಷ್ಟೋ ದಿನ ಚಿಂತಿಸಿದ್ದೇನೆ. ಚಿಂತಿಸುವುದು ನನ್ನ ಸ್ವಭಾವ. ಮಳೆ ಬಾರದಿದ್ದರೆ ಕುಡಿಯುವ ನೀರಿಗೇನು ಗತಿ ಎಂದೂ, ಬಂದರೆ ಕೊಡೆಯನ್ನು ಎಲ್ಲಿ ಬಿಟ್ಟೆ ಎಂದೂ ಚಿಂತಿಸುವವನು ನಾನು.

ಹೊಟ್ಟೆಪಾಡಿಗೆ ಪೀಣ್ಯದ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. ಲೇತು, ಗ್ರೈಂಡಿಂಗುಗಳಿಂದ ಬರುವ ಬಿಡಿಭಾಗಗಳನ್ನು ಅಳೆದು ಸರಿಯೋ ತಪ್ಪೋ ಎಂದು ಹೇಳುವುದು ಕೆಲಸ. ಸರಿಯಿದ್ದರೆ ಠಸ್ಸೆ, ತಪ್ಪಿದ್ದರೆ ಕೆಂಪು ಬಣ್ಣ. ಕೆಂಪು ಬಣ್ಣ ಹಚ್ಚುವವನಿಗೆ ಕಾರ್ಖಾನೆಯಲ್ಲಿ ಗೆಳೆಯರು ಜಾಸ್ತಿ ಇರುವುದಿಲ್ಲ. ಎಲ್ಲರೂ 'ಮೂರ್ತಿ ಸಾರ್' ಎಂದು ಗೌರವದಿಂದ ಮಾತನಾಡಿಸುತ್ತಾರೆ. ಆ ಗೌರವ ಒಂದು ಮೊಳ ದೂರದಿಂದಲೇ ಬರುತ್ತದೆ. ಮನೆ ಲಗ್ಗೆರೆಯಲ್ಲಿ, ಗಂಗಮ್ಮನವರ ಸಾಲುಮನೆಗಳಲ್ಲಿ ಕೊನೆಯದು. ಗಂಗಮ್ಮನವರದು ಆ ಊರಿನ ಹಳೆಯ ಬೇಸಾಯದ ಕುಟುಂಬ. ಹೊಲದ ಬಹುಪಾಲು ಕೈಗಾರಿಕೆಗೆ ಹೋಗಿ, ಉಳಿದದ್ದರಲ್ಲಿ ಶೀಟಿನ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ನನಗೆ ಮದುವೆಯಾಗಿಲ್ಲ. ಹೆಣ್ಣು ನೋಡುವ ವಯಸ್ಸಿನಲ್ಲಿ, ಒಪ್ಪದಿದ್ದರೆ ಏನು ಮಾಡುವುದು ಎಂದು ಚಿಂತಿಸಿದೆ. ಒಪ್ಪಿದರೆ ಏನು ಮಾಡುವುದು ಎಂದು ಅದಕ್ಕಿಂತ ಹೆಚ್ಚು ಚಿಂತಿಸಿದೆ. ಅಷ್ಟರಲ್ಲಿ ನೆಂಟರು ಕೇಳುವುದನ್ನು ಬಿಟ್ಟರು.

ಹೆಸರು ಮೂರ್ತಿ, ಓದುವುದು ಅಮೂರ್ತ. ಈ ಅಮೂರ್ತ ಗಣಿತ ಎಂದರೇನು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನಗೆ ಹೊಳೆದ ಮಟ್ಟಿಗೆ ಅದು ಮರೆಯುವ ವಿದ್ಯೆ. ಮೂರು ಮಾವಿನಹಣ್ಣು, ಮೂರು ಎಮ್ಮೆ, ಮೂರು ಮದುವೆ ಕರೆಯೋಲೆ. ಇವುಗಳಿಂದ ಹಣ್ಣು, ಎಮ್ಮೆ, ಮದುವೆ ಮೂರನ್ನೂ ಮರೆತರೆ ಉಳಿಯುವುದು ಬರೀ ಮೂರು. ಯಾವ ಪುರಾತನ ದನಗಾಹಿಯೋ ಇದನ್ನು ಮೊದಲು ಮಾಡಿರಬೇಕು, ಮಾಡಿದ ಸಂಜೆ ಅವನಿಗೆ ಊಟ ಸೇರಿರಲಿಕ್ಕಿಲ್ಲ. ಆಮೇಲೆ ಬಂದವರು ಮೂರನ್ನೂ ಮರೆತು ಅಲ್ಲೊಂದು ಅಕ್ಷರ ಇಟ್ಟರು. ಇನ್ನೂ ಈಚೆಗೆ ಬಂದವರು, ಕೂಡುವುದು ಗುಣಿಸುವುದು ಎಂದರೇನು ಎನ್ನುವುದನ್ನೂ ಮರೆತರು. ಎರಡು ಏನೋ ಸೇರಿ ಇನ್ನೊಂದು ಏನೋ ಆಗುತ್ತದೆ, ಅಷ್ಟು ಸಾಕು ಎಂದರು. ಎಲ್ಲವನ್ನೂ ಹೀಗೆ ಒಂದೊಂದಾಗಿ ಕಳಚಿಟ್ಟರೆ ಕೊನೆಗೆ ಏನೂ ಉಳಿಯಬಾರದು ತಾನೇ? ಆದರೆ ಉಳಿಯುತ್ತದೆ. ಆಶ್ಚರ್ಯ ಇರುವುದು ಅಲ್ಲಿಯೇ. ನಮ್ಮ ಹಿರಿಯರು ಸಗುಣ ದೇವರು, ನಿರ್ಗುಣ ದೇವರು ಎಂದು ನೂರಾರು ವರ್ಷ ವಾದ ಮಾಡಿದರು. ಬೆಳ್ಳಿಯ ಮುಖವಾಡವಿಲ್ಲದ ದೇವರಿಗೆ ಗಂಗಮ್ಮನವರು ಕೈ ಮುಗಿಯಲಾರರು. ನಾನಂತೂ ಸ್ನಾನ ಕೂಡ ಮಾಡದೆ, ಭಾನುವಾರ ಬೆಳಿಗ್ಗೆ ಲುಂಗಿ ಉಟ್ಟುಕೊಂಡೇ ನಿರ್ಗುಣೋಪಾಸನೆಗೆ ಕೂರುತ್ತಿದ್ದೆ.

ಒಮ್ಮೆ ಗಂಗಮ್ಮನವರ ಹೊಸ ಮನೆಗೆ ಗಾರೆಯವನೊಬ್ಬ ಚೌಕದ ಕಡಪ ಕಲ್ಲು ಹಾಸುತ್ತಿದ್ದ. ಕೊನೆಯ ಕಲ್ಲು ತನ್ನ ಜಾಗದಲ್ಲಿ ಕೂರಲೊಲ್ಲದು. ಆತ ಅದನ್ನು ಕಾಲು ಸುತ್ತು ತಿರುಗಿಸಿದ, ಇನ್ನೂ ಕಾಲು ಸುತ್ತು, ಮಗುಚಿ ಹಾಕಿದ, ಮಗುಚಿ ತಿರುಗಿಸಿದ. ಚೌಕವೊಂದನ್ನು ಅದರ ಜಾಗದಲ್ಲಿ ಕೂರಿಸಲು ಇರುವುದು ಎಂಟೇ ದಾರಿ ಎಂದು ಹಿಂದಿನ ವಾರವಷ್ಟೇ ಓದಿದ್ದೆ. ಒಂಬತ್ತನೆಯದು ಯಾರ ಕೈಯಲ್ಲೂ ಆಗದು. ರಾಜಾಜ್ಞೆ ಹೊರಡಿಸಿದರೂ ಆಗದು. ನಾನು ಬಾಗಿಲಲ್ಲಿ ನಿಂತು ಮೈಮರೆತು ನೋಡುತ್ತಿದ್ದೆ. ಗಾರೆಯವನು ತಲೆಯೆತ್ತಿ, ಕಲ್ಲಿನಲ್ಲಿ ಬಿರುಕಿದೆಯಾ ಸಾರ್ ಎಂದು ಕೇಳಿದ. ಇಲ್ಲಪ್ಪ, ಚೆನ್ನಾಗಿದೆ ಎಂದೆ. ಎಂಟು ದಾರಿಯ ವಿಷಯ ಹೇಳಲಿಲ್ಲ.

ಈ ಸಂತೋಷದ ದೊಡ್ಡ ತೊಂದರೆಯೇ ಅದು. ಬಿಸಿ ಬೋಂಡಾ ತಿನ್ನುವ ಸಂತೋಷ ಒಬ್ಬನಿಗೇ ಸಾಕು, ಹಂಚಿದರೆ ಕಡಿಮೆಯಾಗುತ್ತದೆ. ಗಣಿತದ್ದು ಹಾಗಲ್ಲ. ಒಂದು ವಿಷಯ ಅರ್ಥವಾದ ಕ್ಷಣ ಎದ್ದು ಓಡಾಡಬೇಕೆನಿಸುತ್ತದೆ, ಇನ್ನೊಬ್ಬರಿಗೆ ಹೇಳದಿದ್ದರೆ ಅರ್ಥವಾದದ್ದೇ ಸುಳ್ಳೇನೋ ಎನಿಸುತ್ತದೆ. ನನಗೆ ಬೇಕಾದದ್ದು ಗುರುವಲ್ಲ, ಶಿಷ್ಯನೂ ಅಲ್ಲ. ಎದುರು ಕೂತು ಕೇಳಿಸಿಕೊಂಡು, ಹೌದು ಕಣ್ರೀ ಅಥವಾ ಇಲ್ಲ ಕಣ್ರೀ ಅನ್ನುವ ಒಬ್ಬ ಮನುಷ್ಯ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಅಂಥವರು ಇರಲೇಬೇಕು. ಗಣಿತದವರು ಹೇಳುವ ಹಾಗೆ, ಅವರು ಇದ್ದಾರೆಂದು ಸಾಧಿಸಬಹುದು; ಎಲ್ಲಿದ್ದಾರೆಂದು ಹೇಳಲಾಗದು.

ಒಂದು ಭಾನುವಾರ, ನಾಲ್ಕೈದು ವಾರಗಳಿಂದ ನನ್ನನ್ನು ಸತಾಯಿಸುತ್ತಿದ್ದ ಒಂದು ಪ್ರಮೇಯ ಇದ್ದಕ್ಕಿದ್ದ ಹಾಗೆ ತಿಳಿಯಾಯಿತು. ಕೆಲವು ನಿಯಮಗಳಿಗೆ ಒಳಪಟ್ಟ ಒಂದು ಗುಂಪಿನೊಳಗೆ ಅದೇ ನಿಯಮ ಪಾಲಿಸುವ ಚಿಕ್ಕ ಗುಂಪೊಂದು ಇದ್ದರೆ, ಚಿಕ್ಕದರ ಸಂಖ್ಯೆಯಿಂದ ದೊಡ್ಡದರ ಸಂಖ್ಯೆ ಶೇಷವಿಲ್ಲದೆ ಭಾಗವಾಗಲೇಬೇಕು. ಹನ್ನೆರಡರ ಗುಂಪಿನಲ್ಲಿ ಐದರ ಒಳಗುಂಪು ಸಾಧ್ಯವೇ ಇಲ್ಲ. ಯಾರೂ ತಡೆಯುತ್ತಿಲ್ಲ, ಆದರೂ ಸಾಧ್ಯವಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದರೆ ಗಂಗಮ್ಮನವರು ಅಂಗಳದಲ್ಲಿ ರಾಗಿ ಹರವುತ್ತಿದ್ದರು. ತಡೆಯಲಾರದೆ ಹೇಳಿಯೇಬಿಟ್ಟೆ: "ಗಂಗಮ್ಮ, ಚಿಕ್ಕದು ದೊಡ್ಡದನ್ನ ಸಮವಾಗಿ ಭಾಗ ಮಾಡ್ಲೇಬೇಕು. ಚೂರೂ ಉಳಿಯೋ ಹಾಗಿಲ್ಲ."

ಅವರು ಮೊರವನ್ನು ಕೆಳಗಿಟ್ಟರು. "ಯಾರ್ ಸ್ವಾಮಿ ಯೋಳಿದ್ದು ನಿಮ್ಗೆ?"

"ಪುಸ್ತಕದಲ್ಲಿದೆ."

"ಯಾವ ಪುಸ್ತಕ? ಶ್ಯಾನುಬೋಗ್ರುದಾ?" ಎಂದವರೇ ಹತ್ತಿರ ಬಂದು ದನಿ ತಗ್ಗಿಸಿದರು. "ನಮ್ಮ ಚಿಕ್ಕೋನೇನಾರ ಬಂದಿದ್ನಾ ನಿಮ್ತಾವ?"

ಗಂಗಮ್ಮನವರ ಮೈದುನ ಆಸ್ತಿಯಲ್ಲಿ ಭಾಗ ಕೇಳುತ್ತಿದ್ದಾನೆ, ಅಣ್ಣತಮ್ಮಂದಿರಲ್ಲಿ ಮಾತು ನಿಂತಿದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಇದು ಗಣಿತದ ಭಾಗ, ಮನೆಯ ಭಾಗವಲ್ಲ ಎಂದು ಎಷ್ಟು ವಿವರಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ. ಅವರ ಅನುಮಾನದಲ್ಲೂ ನ್ಯಾಯವಿತ್ತು. ಭಾಗ ಎಂದ ಮೇಲೆ ಯಾರದೋ ಮನೆ ಒಡೆಯಲೇಬೇಕಲ್ಲ, ಯಾರದೂ ಅಲ್ಲದ ಭಾಗವೊಂದು ಇರುತ್ತದೆಯೇ? ಎರಡು ವಾರ ಅವರ ಮನೆಯಿಂದ ಹುರುಳಿ ಸಾರು ಬರಲಿಲ್ಲ.

ಇಷ್ಟರಿಂದ ನಾನು ಪಾಠ ಕಲಿತು ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲೇ ಗಣಿತ ಮಾಡಬೇಕಾಗಿತ್ತು. ಆದರೆ ಆ ಇಂಗ್ಲಿಷ್ ಪುಸ್ತಕದ ವಾಕ್ಯಗಳು ನನಗೆ ಬೇರೆಯವರ ಅಳತೆಗೆ ಹೊಲಿಸಿದ ಷರಟಿನ ಹಾಗೆ ಆಗುತ್ತಿದ್ದವು. ಕನ್ನಡಕ್ಕೆ ಇಳಿಸಿಕೊಂಡರೇ ಅರ್ಥವಾಗುವುದು. ಪ್ರೈಮರಿ ಶಾಲೆಯಲ್ಲಿ ಕಲಿತ ಪದಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಎರಡು ಮೂರು ಕೂಡಿಸಿದರೂ ಮೂರು ಎರಡು ಕೂಡಿಸಿದರೂ ಒಂದೇ, ಅದು ಪರಿವರ್ತನೀಯ ನಿಯಮ. ಮೇಷ್ಟ್ರು ಬೆತ್ತ ಹಿಡಿದು ಹೇಳಿಸಿದ್ದರು. ಪುಸ್ತಕ ಗ್ರೂಪ್ ಎಂದು ಕರೆಯುವುದಕ್ಕೆ ನಿಘಂಟಿನಲ್ಲಿ 'ಸಂಕುಲ' ಎಂಬ ಗಂಭೀರವಾದ ಪದವಿತ್ತು. ನನಗೆ ಅದು ಮೃಗಾಲಯದ ಬೋರ್ಡಿನ ಹಾಗೆ ಕಂಡಿತು. 'ಗುಂಪು' ಎಂದಿಟ್ಟುಕೊಂಡೆ. ಸಂಕುಲ ಎಂದೇ ಇಟ್ಟುಕೊಂಡಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಈಗ ನಮ್ಮ ಕಾರ್ಖಾನೆಯ ವಿಷಯಕ್ಕೆ ಬರಬೇಕು. ನಾನು ಹೇಳುತ್ತಿರುವುದು ನಾಲ್ಕೈದು ವರ್ಷದ ಹಿಂದಿನ, ಎಂಬತ್ತರ ದಶಕದ ಆರಂಭದ ಮಾತು. ಆಗ ಪೀಣ್ಯದಲ್ಲಿ ಗುಂಪು ಎಂಬ ಪದಕ್ಕೆ ಇದ್ದದ್ದು ಒಂದೇ ಅರ್ಥ. ನಮ್ಮ ಯೂನಿಯನ್ನಿನಲ್ಲಿ ಎರಡು ಗುಂಪುಗಳಿದ್ದವು, ಹಳೆಯ ನಾಯಕನದು ಒಂದು, ಹೊಸ ನಾಯಕನದು ಇನ್ನೊಂದು. ಕ್ಯಾಂಟೀನಿನಲ್ಲಿ ಕಿಟಕಿಯ ಕಡೆಯ ಮೇಜುಗಳು ಹಳೆಯ ಗುಂಪಿಗೆ, ನಲ್ಲಿಯ ಕಡೆಯವು ಹೊಸ ಗುಂಪಿಗೆ. ಯಾರಾದರೂ ಹೊಸಬರು ಸೇರಿದರೆ ಊರು, ಜಾತಿ ಕೇಳುವುದಕ್ಕೆ ಮುಂಚೆ, ನಿಂದು ಯಾವ ಗುಂಪು ಮಗಾ ಎಂದು ಕೇಳುತ್ತಿದ್ದರು. ನಾನು ಯಾವುದರಲ್ಲೂ ಇರಲಿಲ್ಲ. ಒಂದಕ್ಕೆ ಸೇರಿದರೆ ಇನ್ನೊಂದು ಏನೆಂದುಕೊಳ್ಳುತ್ತದೋ ಎಂಬ ಚಿಂತೆಯಲ್ಲಿ ನಡುವಿನ ಕಂಬದ ಪಕ್ಕದ ಪುಟ್ಟ ಮೇಜಿನಲ್ಲಿ ಒಬ್ಬನೇ ಕೂತು ಅನ್ನ ಸಾರು ಉಣ್ಣುತ್ತಿದ್ದೆ.

ಆಯುಧಪೂಜೆಗೆ ಮುಂಚೆ, ಬೋನಸ್ಸಿನ ಮಾತುಕತೆಯ ಕಾಲದಲ್ಲಿ, ಎರಡೂ ಗುಂಪಿನವರು ನನ್ನಂಥ ಬಿಡಿ ಮನುಷ್ಯರನ್ನು ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬಂದವರಲ್ಲಿ ಪುಟ್ಟಸ್ವಾಮಿ ಒಬ್ಬ. ಲೇತ್ ಕೆಲಸದವನು, ಮೂವತ್ತರ ಆಸುಪಾಸು, ಹಳೆಯ ಗುಂಪಿನ ಕಟ್ಟಾಳು. ಭಾನುವಾರ ಮೀಟಿಂಗಿಗೆ ಬರಬೇಕು ಎಂದು ಕರೆದ. ನಾನು ಹಿಂದಿನ ದಿನವಷ್ಟೇ ಹೊಸ ಅಧ್ಯಾಯ ಶುರು ಮಾಡಿದ್ದೆ, ತಲೆ ಅಲ್ಲೇ ಇತ್ತು.

"ಭಾನುವಾರ ಆಗಲ್ಲಪ್ಪ," ಎಂದೆ. "ನಾನೇ ಒಂದು ಗುಂಪು ಹಿಡ್ಕೊಂಡು ಕೂತಿದೀನಿ."

ಪುಟ್ಟಸ್ವಾಮಿ ಸುತ್ತ ನೋಡಿ ಬೆಂಚಿನ ಮೇಲೆ ಕೂತ. "ಯಾವ ಗುಂಪು ಸಾರ್?"

"ಪರಿವರ್ತನೀಯ ಗುಂಪು."

"ಎಷ್ಟು ಜನ ಅವ್ರೆ?"

"ಅನಂತ," ಎಂದೆ. ಪೂರ್ಣಾಂಕಗಳ ಗುಂಪು ತಾನೇ, ಅದಕ್ಕೆ ಕೊನೆಯೆಲ್ಲಿ? ಆತನ ಮುಖ ನೋಡಿ ಹೆದರಿಸಿಬಿಟ್ಟೆನೇನೋ ಎಂದು ಚಿಂತೆಯಾಗಿ, ಶುರು ಮಾಡುವುದಕ್ಕೆ ಚಿಕ್ಕ ಗುಂಪೇ ಒಳ್ಳೆಯದು, ನಿಯಮ ಇರುವುದು ನಾಲ್ಕೇ, ಆಸಕ್ತಿಯಿದ್ದರೆ ಭಾನುವಾರ ಮನೆಗೆ ಬನ್ನಿ, ಹೇಳಿಕೊಡುತ್ತೇನೆ ಎಂದು ಸೇರಿಸಿದೆ. ಪುಟ್ಟಸ್ವಾಮಿ, ಬರ್ತೀನಿ, ಯಾರಿಗೂ ಹೇಳಬೇಡಿ ಸಾರ್ ಎಂದು ಎದ್ದು ಹೋದ. ಗಣಿತ ಕಲಿಯುವುದಕ್ಕೆ ನಾಚಿಕೆ ಪಾಪ, ನನ್ನ ಹಾಗೆಯೇ ಪುಸ್ತಕಕ್ಕೆ ಬೈಂಡು ಹಾಕುವ ಜಾತಿ ಎಂದುಕೊಂಡೆ.

ನಾನು ಅಷ್ಟು ದಡ್ಡನೇ ಎಂದು ನೀವು ಕೇಳಬಹುದು. ಬೇರೆ ಸಮಯದಲ್ಲಿ ಅಲ್ಲ. ಒಂದು ಲೋಟ ಅಲುಗಿದರೂ ಹತ್ತು ಅನುಮಾನ ಪಡುವವನು ನಾನು. ಆದರೆ ಬಹಳ ದಿನ ಕಾದದ್ದು ಬಾಗಿಲಿಗೆ ಬಂದರೆ ಅನುಮಾನಕ್ಕೂ ಪುರುಸೊತ್ತಿರುವುದಿಲ್ಲ.

ಭಾನುವಾರ ಆರೇಳು ಜನ ಬಂದರು. ಒಬ್ಬ ಬರುತ್ತಾನೆಂದು ಒಂದು ಚಾಪೆ ಹಾಸಿದ್ದೆ. ಪುಟ್ಟಸ್ವಾಮಿಯ ಹಿಂದೆ ಅಷ್ಟು ಜನ ಚಪ್ಪಲಿ ಬಿಡುತ್ತಿದ್ದದ್ದನ್ನು ಕಂಡು, ಪೀಣ್ಯದಲ್ಲಿ ಬೀಜಗಣಿತಕ್ಕೆ ಇಷ್ಟು ಹಸಿವು ಇತ್ತೇ ಎಂದು ಕಣ್ಣು ತುಂಬಿ ಬಂತು. ನನ್ನ ಏಕೈಕ ಚಿಂತೆ ಕಾಫಿ ಲೋಟದ್ದು. ಗಂಗಮ್ಮನವರ ಮನೆಯಿಂದ ತಂದೆ. ಇಷ್ಟೊಂದು ಗಂಡಸರು ಬಾಗಿಲು ಮುಂದೆ ಮಾಡಿಕೊಂಡು ಕೂತದ್ದನ್ನು ನೋಡಿ ಅವರಿಗೆ ಭಾಗದ ಪಂಚಾಯ್ತಿಯೇ ಸೇರಿದೆ ಎಂದು ಖಾತ್ರಿಯಾಗಿರಬೇಕು. ಅವರು ರಾಗಿಯ ಮೊರವನ್ನು ನನ್ನ ಕಿಟಕಿಯ ಹತ್ತಿರಕ್ಕೆ ತಂದುಕೊಂಡು ಕೂತರು.

ನಿಮ್ಮ ಗುಂಪಿನ ನಿಯಮ ಏನು ಎಂದು ಪುಟ್ಟಸ್ವಾಮಿಯೇ ಮೊದಲು ಕೇಳಿದ. ನಾನು ಎದ್ದು ನಿಂತೇ ಹೇಳಿದೆ. ಮೊದಲನೆಯದು ಆವೃತ ನಿಯಮ: ಗುಂಪಿನ ಯಾವ ಇಬ್ಬರು ಸೇರಿದರೂ ಅದರಿಂದ ಬರುವುದು ಗುಂಪಿನೊಳಗೇ ಇರಬೇಕು, ಹೊರಗೆ ಹೋಗಬಾರದು. ಎಲ್ಲರೂ ತಲೆದೂಗಿದರು; ಒಳಗಿನ ಮಾತು ಮ್ಯಾನೇಜ್‌ಮೆಂಟಿನ ಕಿವಿಗೆ ಹೋಗಿಯೇ ಎಲ್ಲ ಕೆಟ್ಟದ್ದು ಎಂದು ಒಬ್ಬ ಗೊಣಗಿದ. ಎರಡನೆಯದು ಸಹವರ್ತನೀಯ ನಿಯಮ: ಮೂವರು ಸೇರುವಾಗ ಮೊದಲ ಇಬ್ಬರು ಮುಂಚೆ ಸೇರಿಕೊಂಡರೂ ಕೊನೆಯ ಇಬ್ಬರು ಮುಂಚೆ ಸೇರಿಕೊಂಡರೂ ಬರುವ ಫಲ ಒಂದೇ. ಅದಕ್ಕೂ ಒಪ್ಪಿದರು. ಮೂರನೆಯದು, ಗುಂಪಿನಲ್ಲಿ ಒಬ್ಬ ಇರಲೇಬೇಕು, ಅವನು ಯಾರ ಜೊತೆ ಸೇರಿದರೂ ಅವರು ಇದ್ದ ಹಾಗೆಯೇ ಇರುತ್ತಾರೆ, ಏನೂ ಬದಲಾಗುವುದಿಲ್ಲ.

"ಅದು ನಮ್ ಸೆಕ್ರೆಟ್ರಿ," ಎಂದಿತು ಹಿಂದಿನ ಸಾಲು. ಕಾಫಿ ಚೆಲ್ಲುವ ಹಾಗೆ ನಕ್ಕರು. ನಾನೂ ನಕ್ಕೆ. ಗಣಿತದ ತರಗತಿಯಲ್ಲಿ ನಗು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾಲ್ಕನೆಯದು, ಪ್ರತಿಯೊಬ್ಬನಿಗೂ ಗುಂಪಿನೊಳಗೇ ಒಬ್ಬ ಎದುರಾಳಿ ಇರಬೇಕು. ಇಬ್ಬರೂ ಸೇರಿದರೆ ಒಬ್ಬರನ್ನೊಬ್ಬರು ಹೊಡೆದು ಹಾಕಿ, ಆ ಏನೂ ಮಾಡದವನೇ ಉಳಿಯಬೇಕು. ಇದನ್ನು ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನಿಗೆ ಯೂನಿಯನ್ನಿನ ಒಳಗುಟ್ಟು ಇಷ್ಟು ಆಳವಾಗಿ ಹೇಗೆ ಗೊತ್ತು ಎಂಬಂತಿತ್ತು ಆ ನೋಟ. ಹುರುಪಿನಲ್ಲಿ ನಾನು ಪರಿವರ್ತನೀಯತೆಗೆ ಬಂದೆ. ನಮ್ಮ ಗುಂಪಿನಲ್ಲಿ ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎನ್ನುವುದು ಲೆಕ್ಕಕ್ಕೇ ಇಲ್ಲ ಎಂದೆ.

"ಅಂದ್ರೆ ಸೀನಿಯಾರಿಟಿ ಇಲ್ವಾ?" ಎಂದು ಹಿರಿಯ ಫಿಟ್ಟರೊಬ್ಬರು ಲೋಟ ಕೆಳಗಿಟ್ಟರು. ಅದೊಂದು ವಿಷಯಕ್ಕೆ ಅವರಲ್ಲೇ ಜೋರು ವಾದ ಹತ್ತಿತು. ಎಲ್ಲ ಗುಂಪಿಗೂ ಈ ಗುಣ ಇರಬೇಕಾಗಿಲ್ಲ, ಡ್ರಿಲ್ ಮಾಡಿ ತೂತಿಗೆ ಥ್ರೆಡ್ ಕೊರೆಯುವ ಟ್ಯಾಪ್ ಹಾಕುವುದೂ ಟ್ಯಾಪ್ ಹಾಕಿ ಡ್ರಿಲ್ ಮಾಡುವುದೂ ಒಂದೇ ಅಲ್ಲವಲ್ಲ, ಆದ್ದರಿಂದಲೇ ಪರಿವರ್ತನೀಯ ಗುಂಪು ವಿಶೇಷ ಎಂದು ನಾನು ನಡುವೆ ಕೂಗಿ ಹೇಳಿದೆ. ಅಷ್ಟು ಸುಖವಾದ ಬೆಳಿಗ್ಗೆ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಇವತ್ತಿಗೂ ಅದನ್ನು ನೆನೆದರೆ, ಮುಂದೆ ಆಗಿದ್ದನ್ನು ಬದಿಗಿಟ್ಟು ಅಷ್ಟನ್ನು ಮಾತ್ರ ನೆನೆಯುವ ಹಾಗಿದ್ದರೆ ಎನಿಸುತ್ತದೆ.

ವಾದ ತಣ್ಣಗಾದ ಮೇಲೆ ಪುಟ್ಟಸ್ವಾಮಿ ಕೇಳಿದ, ನಿಯಮವೆಲ್ಲ ಒಪ್ಪಿಗೆ ಸಾರ್, ಮೆಂಬರ್‌ಶಿಪ್ಪಿಗೆ ಎಲ್ಲಿ ಸೈನ್ ಮಾಡಬೇಕು ಎಂದು. ಬೋನಸ್ ಎಷ್ಟು ಕೇಳ್ತೀರಿ ಎಂದು ಇನ್ನೊಬ್ಬ.

ಚಾಪೆಯ ಮೇಲಿದ್ದ ಆ ಮುಖಗಳನ್ನು ಒಂದೊಂದಾಗಿ ನೋಡಿದೆ. ಅವರು ಬಂದದ್ದು ಯಾವ ಗುಂಪಿಗೆ, ನಾನು ಹೇಳಿದ್ದು ಯಾವ ಗುಂಪು, ಎಲ್ಲ ಒಟ್ಟಿಗೆ ಹೊಳೆಯಿತು. ಇದು ಸಂಖ್ಯೆಗಳ ಗುಂಪು, ಎರಡು, ಮೂರು, ನಾಲ್ಕು ಇವೇ ಇದರ ಸದಸ್ಯರು, ಮನುಷ್ಯರಲ್ಲ ಎಂದು ಹೇಗೋ ಹೇಳಿ ಮುಗಿಸಿದೆ. ಕಿಟಕಿಯಾಚೆ ಗಂಗಮ್ಮನವರು ರಾಗಿ ಕೇರುವ ಸದ್ದೂ ನಿಂತಿತ್ತು. ಆಮೇಲೆ ಫಿಟ್ಟರು ಎದ್ದು, ಕಾಫಿ ಚೆನ್ನಾಗಿತ್ತು ಸಾರ್ ಎಂದರು. ಉಳಿದವರು ಗೇಟಿನ ತನಕ ನಗು ತಡೆದುಕೊಂಡರು. ಅದು ಅವರ ದೊಡ್ಡತನ.

ಪುಟ್ಟಸ್ವಾಮಿ ಮಾತ್ರ ಏಳಲಿಲ್ಲ. "ನಾನು ನಿನ್ನೆ ಲೀಡರ್ ಮುಖಕ್ಕೇ ಹೇಳ್ಬಿಟ್ಟೆ ಸಾರ್," ಎಂದ. "ನಿಮ್ ಗುಂಪೂ ಬೇಡ, ನಿಮ್ ಸಹವಾಸಾನೂ ಬೇಡ, ಮೂರ್ತಿ ಸಾರ್ ಹೊಸ ಗುಂಪು ಕಟ್ಟಿದಾರೆ ಅಂತ." ಬೈಯುತ್ತಾನೇನೋ ಎಂದು ಕಾದೆ. ಬೈಯಲಿಲ್ಲ. ಚಾಪೆಯನ್ನು ತಾನೇ ಸುತ್ತಿ ಗೋಡೆಗೆ ಒರಗಿಸಿ ಹೋದ.

ಸೋಮವಾರ ಕ್ಯಾಂಟೀನಿನಲ್ಲಿ ಕಿಟಕಿಯ ಕಡೆಯ ಮೇಜಿನವರು ಅವನಿಗೆ ಜಾಗ ಬಿಡಲಿಲ್ಲ. ನಲ್ಲಿಯ ಕಡೆಯವರು ಇವನು ಬೇಹಿಗೆ ಬಂದವನೆಂದು ಮಾತು ನಿಲ್ಲಿಸಿದರು. ತಟ್ಟೆ ಹಿಡಿದು ನಡುವೆ ನಿಂತ ಪುಟ್ಟಸ್ವಾಮಿ ಕೊನೆಗೆ ಕಂಬದ ಪಕ್ಕದ ನನ್ನ ಮೇಜಿಗೆ ಬಂದು ಕೂತ. ಮರುದಿನವೂ ಬಂದ. ಮೊದಮೊದಲು ನಾವು ಸಾರಿಗೆ ಉಪ್ಪು ಕಡಿಮೆ ಎಂದಷ್ಟೇ ಮಾತಾಡುತ್ತಿದ್ದೆವು. ಆಮೇಲೆ ಒಂದು ದಿನ ಅವನೇ, ಇಬ್ಬರೇ ಇರುವ ಗುಂಪು ಇರುತ್ತದಾ ಸಾರ್ ಎಂದ. ಇರುತ್ತದೆ ಎಂದು ವಿವರಿಸಿದೆ: ಒಬ್ಬ ಏನೂ ಮಾಡದವನು, ಇನ್ನೊಬ್ಬ ತನಗೆ ತಾನೇ ಎದುರಾಳಿ, ಬೇರೆ ದಾರಿಯೇ ಇಲ್ಲ. ಪುಟ್ಟಸ್ವಾಮಿ ಅನ್ನ ಕಲಸುತ್ತಾ ಯೋಚಿಸಿ, ಏನೂ ಮಾಡದವನು ನಾನು, ಇನ್ನೊಬ್ಬರು ನೀವು ಎಂದು ತೀರ್ಪು ಕೊಟ್ಟ. ತೀರ್ಪಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಹೀಗೆ ಕೆಲವು ವಾರ ಕಳೆದವು. ನನಗೆ ಬೇಕಾಗಿದ್ದ ಆ ಒಬ್ಬ ಮನುಷ್ಯ ಸಿಕ್ಕಿದ್ದ ಎಂದು ಹೇಳಲು ನನಗೆ ಧೈರ್ಯವಿಲ್ಲ; ಅವನು ಬಂದದ್ದು ಗಣಿತಕ್ಕಲ್ಲ, ಬೇರೆ ಮೇಜು ಇಲ್ಲದೆ. ಅದು ಗೊತ್ತಿದ್ದೂ ನಾನು ಬೆಳಿಗ್ಗೆಯಿಂದ ಊಟದ ಸೈರನ್ನಿಗೆ ಕಾಯುತ್ತಿದ್ದೆ. ಅವನ ಸ್ಥಿತಿ ಮಾತ್ರ ಚೆನ್ನಾಗಿರಲಿಲ್ಲ. ಅವನ ಮೆಷಿನ್ನನ್ನು ತಣ್ಣಗಿಡುವ ಕೂಲಂಟ್ ಬರದಿದ್ದರೂ ಕೇಳುವವರಿಲ್ಲ, ಶಿಫ್ಟು ಬದಲಾದರೆ ಹೇಳುವವರಿಲ್ಲ. ಇನ್ಸ್‌ಪೆಕ್ಷನ್‌ನವರ ಜೊತೆ ಉಣ್ಣುವವನ ಮಾಲು ಪಾಸಾಗದೆ ಇರುತ್ತದೆಯೇ ಎಂಬ ಮಾತೂ ಹುಟ್ಟಿತು. ನಾನು ಹೆದರಿ ಅವನ ಮಾಲನ್ನು ಬೇರೆಯವರದಕ್ಕಿಂತ ಬಿಗಿಯಾಗಿ ಅಳೆಯತೊಡಗಿದೆ. ನನ್ನ ಗೆಳೆತನದಿಂದ ಅವನಿಗೆ ಆದ ಲಾಭ ಅಷ್ಟೇ.

ಒಂದು ಮಧ್ಯಾಹ್ನ ಹಳೆಯ ಗುಂಪಿನ ನಾಯಕ ತಾನೇ ನಮ್ಮ ಮೇಜಿಗೆ ಬಂದ. ಆಗಿದ್ದು ಆಯಿತು, ಬಾರೋ, ನಿನ್ನ ಜಾಗ ಹಾಗೇ ಇದೆ ಎಂದು ಹೆಗಲು ತಟ್ಟಿ ಹೋದ. ಪುಟ್ಟಸ್ವಾಮಿ ನನ್ನನ್ನು ನೋಡಿದ.

"ಹೋಗ್ಲಾ ಸಾರ್?"

ಹೋಗಬೇಡ ಎನ್ನಲು ನನ್ನ ಬಳಿ ಕಾರಣಗಳು ಬಹಳ ಇದ್ದವು. ಎಲ್ಲವೂ ನನ್ನ ಕಾರಣಗಳೇ. "ಹೋಗಪ್ಪ," ಎಂದೆ. "ಇಲ್ಲಿ ಕೂತು ನಿಂಗೇನು ಆಗ್ಬೇಕಿದೆ?"

"ನೀವು ಒಬ್ರೇ ಆಯ್ತೀರಲ್ಲ."

"ಒಬ್ಬನೇ ಇದ್ರೂ ಗುಂಪೇ ಕಣಯ್ಯ. ಗಣಿತದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ."

ಅವನಿಗೆ ಸಮಾಧಾನವಾಗಲಿ ಎಂದು ಆಡಿದ ಮಾತು ಅದು. ಅವನು ಹಾಗೆ ತೆಗೆದುಕೊಳ್ಳಲಿಲ್ಲ. ಏಳುತ್ತಿದ್ದವನು ಮತ್ತೆ ಕೂತ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ, ಎಡಗೈ ಚಾಚಿ ಕಿರುಬೆರಳು ಮಡಿಸಿದ.

"ನಿಮ್ ಜೊತೆ ನೀವೇ ಸೇರಿದ್ರೆ ಬರೋದು ನೀವೇ. ಹೊರಗಡೆಯೋರು ಯಾರೂ ಬರಲ್ಲ. ಅದು ಸರಿ." ಉಂಗುರ ಬೆರಳು. "ಮೂರು ಜನ ಅಂತ ಎಂಗೆ ಸೇರಿಸಿದ್ರೂ ಇರೋದು ಒಬ್ರೇ. ಅದೂ ಸರಿ." ನಡುಬೆರಳು ಮಡಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಇದ್ದಂಗೇ ಬಿಡೋನು ಒಬ್ಬ ಬೇಕು. ನಿಮ್ಮನ್ನ ನೀವೇ ಇದ್ದಂಗೇ ಬಿಡ್ತೀರ. ಸರಿ."

ತೋರುಬೆರಳಿನ ಹತ್ತಿರ ನಿಂತ. ಎದುರಾಳಿ ಎಲ್ಲಿ ಎಂದು ತನ್ನಲ್ಲೇ ಹೇಳಿಕೊಂಡ. ಕಿಟಕಿಯ ಕಡೆಯಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ಅವನು ತಿರುಗಿ ನೋಡಲಿಲ್ಲ. ನನ್ನ ಮುಖವನ್ನೇ ದಿಟ್ಟಿಸುತ್ತಿದ್ದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಹಾಗೆ ಉಸಿರು ಬಿಗಿಹಿಡಿದು ನಾನು ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾದಿರಲಿಲ್ಲ.

"ಅದೂ ನೀವೇ," ಎಂದ ನಿಧಾನವಾಗಿ. ಬೆರಳು ಮಡಿಸಿದ. ಮುಷ್ಟಿಯನ್ನು ಒಮ್ಮೆ ನೋಡಿಕೊಂಡ. "ಸರಿಯಾಗೈತೆ ಸಾರ್."

ಎದ್ದು ತಟ್ಟೆ ತೆಗೆದುಕೊಂಡು ಹೋದ. ಕಿಟಕಿಯ ಪಕ್ಕದ ಬೆಂಚಿನವರು ಒತ್ತರಿಸಿ ಜಾಗ ಬಿಟ್ಟರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವನ ನಗುವೂ ಕೇಳಿಸಿತು.

ಬೇರೆಯವರ ಕೆಲಸಕ್ಕೆ ಠಸ್ಸೆ ಒತ್ತುತ್ತಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ನಾನು ಹೇಳಿದ ಒಂದು ಮಾತನ್ನು ಇನ್ನೊಬ್ಬರು ಗೌರವಕ್ಕೆ ಒಪ್ಪದೆ, ಮರುಕಕ್ಕೂ ಒಪ್ಪದೆ, ಎದುರು ಕೂತು ಕಡೆಯ ತನಕ ಪರೀಕ್ಷಿಸಿ ಪಾಸು ಮಾಡಿದ್ದು ಅದೊಂದೇ ಸಲ. ಆ ಮಧ್ಯಾಹ್ನ ನಾನೊಬ್ಬನೇ ಕೂತು ಊಟ ಮುಗಿಸಿದೆ. ಗುಂಪಿನ ಸದಸ್ಯರೆಲ್ಲ ಹಾಜರಿದ್ದರು.